ಮಂಚಮ್ಮನ ಬತ್ತಿ

ಜಾಲಂದ್ರದ ಬಿಳಿ ಪೆಟ್ಟಿಗೆಯೊಳಗೆ ಎರಡು ಗಾಜಿನ ಕಡ್ಡಿ.
ಒಂದು ಬರಿಮೈ.
ಇನ್ನೊಂದರ ಕಾಲಿಗೆ ಒದ್ದೆ ಬಟ್ಟೆಯ ಚೀಲ,
ಚೀಲದ ಬಾಲ ಪುಟ್ಟ ಬಟ್ಟಲ ನೀರಿನಲ್ಲಿ.
ಎರಡರ ನಡುವಿನ ಅಂತರವೇ
ಮಂಡ್ಯದ ಗಾಳಿ ಈ ಹೊತ್ತು
ಎಷ್ಟು ಬಾಯಾರಿದೆ ಎಂಬ ಲೆಕ್ಕ.

ಬೆಳಿಗ್ಗೆ ಎಂಟೂವರೆಗೆ ಮಂಚಮ್ಮ
ಬಾಗಿಲು ತೆರೆದು ಉಸಿರು ಬಿಗಿಹಿಡಿಯುತ್ತಾಳೆ.
ಉಸಿರೂ ತೇವವೇ, ತಾಗಿದರೆ ಲೆಕ್ಕ ಕೆಡುತ್ತದೆ.
ಮಗಳ ಮದುವೆಯ ದಿನ
ರೇಷ್ಮೆ ಸೀರೆಯಲ್ಲೇ ಓಡಿಬಂದು ಓದಿಹೋದವಳು.

ನಾನು ಮೈಸೂರಲ್ಲಿ, ಗಂಗೋತ್ರಿಯ ತಣ್ಣನೆಯ ಕೋಣೆಯಲ್ಲಿ
ಕಂಪ್ಯೂಟರಿನೊಳಗೆ ಮಳೆ ಮಾಡುವವಳು.
ನಾಡನ್ನೆಲ್ಲ ಬರ್ಫಿ ತಟ್ಟೆಯ ಹಾಗೆ
ಚೌಕ ಚೌಕ ಕೊಯ್ದಿಟ್ಟಿದ್ದೇನೆ.
ಒಂದು ಚೌಕದಲ್ಲಿ ನಾಲೆ, ಕಬ್ಬಿನ ಬೆವರು,
ಬೂದನೂರಿನ ಆಲೆಮನೆಗಳ ಹಬೆ,
ತಂತಿಯ ಮೇಲೆ ಒಣಗುವ ಬಟ್ಟೆ:
ಇಷ್ಟಕ್ಕೂ ಸೇರಿ ತೇವಕ್ಕೆ ಒಂದೇ ಅಂಕಿ.
ಒಂದೇ. ಬಿಂದುವಿನಾಚೆ ನಾಲ್ಕು ಸ್ಥಾನ.

ಕುತೂಹಲಕ್ಕೆ ಒಂದು ರಾತ್ರಿ
ತೇವವನ್ನೆಲ್ಲ ಸೊನ್ನೆ ಮಾಡಿ ಓಡಿಸಿದೆ.
ಪಡುವಣ ಗಾಳಿ ಬೀಸಿತು, ನೆಲ ಕಾಯಿತು,
ಮೇಲೆದ್ದ ಗಾಳಿ ಅರ್ಧ ಮೆಟ್ಟಿಲಲ್ಲಿ
ಏನೋ ಮರೆತವಳಂತೆ ಇಳಿದು ಬಂತು.
ಜೂನು ಹೋಯಿತು, ಜುಲೈಯೂ.
ಉಪ್ಪು ಹಾಕದ ಸಾರಿನಂಥ ಆಕಾಶ.

ಆವಿ ಬರೀ ನೀರಲ್ಲ, ಕಡ ತಂದ ಬಿಸಿ.
ನಾಲೆ, ಎಲೆ, ದುಡಿವ ಬೆನ್ನು,
ಎಲ್ಲರ ಹತ್ತಿರ ಅಷ್ಟಷ್ಟು ಈಸಿಕೊಂಡು
ಸೆರಗಿಗೆ ಗಂಟುಕಟ್ಟಿ ಏರುತ್ತದೆ;
ಎತ್ತರದ ಚಳಿಗೆ ಹನಿಯಾಗುವಾಗ
ಗಂಟು ಬಿಚ್ಚುತ್ತದೆ.
ಆ ಬಿಸಿಯೇ ಮೋಡವನ್ನು ಇನ್ನೂ ಮೇಲಕ್ಕೆ ದಬ್ಬುವುದು.
ನಮ್ಮ ಸೀಮೆಯ ಗುಡುಗೆಲ್ಲ ನಡೆಯುವುದು
ಈ ಕೈಗಡದ ಮೇಲೆ.

ಆದರೆ ಈ ಮೇ ತಿಂಗಳ ತಾಪತ್ರಯ ಬೇರೆ.
ನನ್ನ ಯಂತ್ರ ಮಂಡ್ಯದ ಮೇಲೆ ದಿನಾ ಮಳೆ ಸುರಿಸಿತು,
ಮಂಡ್ಯದಲ್ಲಿ ದಿನಾ ಬಿಸಿಲು.
ಮೊಬೈಲಿನ ಸಂದೇಶ ನಂಬಿ ಆಲೆಮನೆಯ ಕಾಳಮರೀಗೌಡರು
ಹನ್ನೊಂದು ದಿನ ರಚ್ಚಿಗೆ ಟಾರ್ಪಾಲು ಹೊದಿಸಿದರು.
ಹನ್ನೆರಡನೆಯ ದಿನ ಫೋನು:
"ನಿನ್ ಮಳೇಲಿ ನನ್ ರಚ್ಚು ಬೂಷ್ಟು ಹಿಡೀತಾ ಅದೆ ಕಣವ್ವ,
ಒಂದ್ ಹನಿನೂ ಬೀಳ್ದೆ."

ಬಸ್ಸು ಹತ್ತಿ ಹೋದೆ. ಪೆಟ್ಟಿಗೆ ತೆಗೆದರೆ
ಬತ್ತಿ ಬೆಳ್ಳಗೆ, ಹಲ್ಲಿನಷ್ಟು ಗಟ್ಟಿ.
ಬೋರ್‌ವೆಲ್ ನೀರಿನ ಸುಣ್ಣ.
"ಆಫೀಸಿಂದ ಬಟ್ಟೆ ಬಂದು ಎಂಟು ತಿಂಗ್ಳಾಯ್ತು,
ಒಳ್ಳೆ ನೀರೂ ಇಲ್ಲ. ನಾಕು ಸಲ ಬರ್ದಾಕಿವ್ನಿ."

ಸುಣ್ಣ ಕಟ್ಟಿದ ಬಟ್ಟೆ ಬೆವರುವುದನ್ನು ಮರೆತಿತ್ತು.
ಬೆವರದ್ದು ತಣಿಯುವುದಿಲ್ಲ.
ತಣಿಯದ್ದನ್ನು ಓದಿ, ಗಾಳಿ ಹೊಟ್ಟೆತುಂಬ ಕುಡಿದಿದೆ ಎಂದು
ನಾವು ನಂಬಿಬಿಡುತ್ತೇವೆ.
ಎರಡೇ ಡಿಗ್ರಿ ಸುಳ್ಳು,
ಅದರ ಮೇಲೆ ಮಹಡಿ ಮಹಡಿ ನನ್ನ ಮೋಡ.

ಮಂಚಮ್ಮ ಮಾತಾಡಲಿಲ್ಲ.
ಮೊಮ್ಮಗುವಿನ ಹಳೆಯ ಮಲ್ಲು ಬಟ್ಟೆ
ಕುದಿಸಿ, ಒಗೆದು, ಸೀಳಿ ಕಟ್ಟಿದಳು.
ಬಟ್ಟಲಿಗೆ ಮನೆಯಿಂದ ತಂದ ಬಾಟಲಿಯ ನೀರು.
ಯಾವ ನೀರು ಎಂದೆ.
"ಹೋದೊರ್ಸದ ಸ್ವಾತಿ ಮಳೆ. ಕೆಡಕಿಲ್ಲ."

ಪಾದರಸ ನಿಧಾನಕ್ಕೆ ಇಳಿಯಿತು,
ಹಳೆಯ ಮಳೆಯೊಂದು ಹೊಸ ಗಾಳಿಯ ರುಚಿ ನೋಡುತ್ತಾ.

ಅಲ್ಲಿಂದ ಎಂಟು ದಿನ ಯಂತ್ರ ಸುಮ್ಮನಿತ್ತು, ಆಕಾಶವೂ.
ಒಂಬತ್ತನೆಯ ಮಧ್ಯಾಹ್ನ ಮತ್ತೆ ಅದೇ ಫೋನು:
"ಅಚ್ಚು ಬೆಲ್ಲ ಬೆವರ್ತಾ ಅದೆ.
ನಿನ್ ಕಂಪ್ಯೂಟ್ರು ಏನಂತದೆ?"
ಅಂಕಿ ಏರುತ್ತಿತ್ತು. ಲೆಕ್ಕ ಇನ್ನೂ ಮುಗಿದಿಲ್ಲ,
ಹತ್ತು ನಿಮಿಷ, ಎಂದೆ.

ಅವರು ಫೋನು ಇಡುವುದನ್ನು ಮರೆತಿದ್ದರು.
ಟಾರ್ಪಾಲು ಎಳೆಯುವ ಸದ್ದು ಕೇಳಿಸುತ್ತಲೇ ಇತ್ತು.