ಖೋಲಿ ತಗೊಳ್ಳೋಳಿಗೆ

ಡಿಸೆಂಬರದಾಗ ತೋರಿಸ್ತಾರ ಮನಿ, ಭಾಗೀರಥಿ,
ಮುಂಜಾನಿ ಒಂಬತ್ತಕ್ಕ, ಎಳಿ ಬಿಸಿಲಾಗ.
ಆಗ ಎಲ್ಲಾ ಮನೀನೂ ಛಲೋನೇ ಇರ್ತಾವ.
ನೀ ಮೇ ತಿಂಗಳದಾಗ ಹೋಗು, ಮಧ್ಯಾಹ್ನ ಮೂರಕ್ಕ,
ಕರೆಂಟ್ ಹೋದ ಹೊತ್ತು ನೋಡಿ.
ಖೋಲಿ ನಡುವ, ಪರಸಿ ಮ್ಯಾಲ, ಒಂದು ತಾಸು ಕೂಡು.
ಮಾಳಿಗಿ ಕಾದು ನೆತ್ತಿ ಮ್ಯಾಲ ಇಳಿದಾಗ
ನಿನಗೇ ತಡಿಯೂದು ಆಗದಿದ್ರ,
ಕಿರಾಯಿ ಕೊಟ್ಟು ಯಾರು ತಡೀತಾರ?

ಏಜೆಂಟ್ ಬಂಡೆಪ್ಪ ಹೇಳ್ತಾನ, ಹನ್ನೆರಡು ತಿಂಗಳಿಗೆ ಗುಣಿಸು ಅಂತ.
ನೀ ಹತ್ತಕ್ಕ ಗುಣಿಸು.
ಒಂದು ತಿಂಗಳು ಖಾಲಿ ಖೋಲಿದು,
ಇನ್ನೊಂದು ಸುಣ್ಣ, ನಳ, ಮೋಟರ್‌ದು.
ಉಳಿದದ್ದರಾಗ ಬ್ಯಾಂಕಿನ ಕಂತು ಮುಟ್ಟಿದರ ತಗೋ,
ಮುಟ್ಟದಿದ್ರ ಚಹಾ ಕುಡದು ಎದ್ದು ಬಾ.
ಚಹಾದ ರೊಕ್ಕ ಅವನೇ ಕೊಡ್ಲಿ.

ನಾ ಇದನ್ನ ಯಾವ ಸಾಲಿಯೊಳಗೂ ಕಲೀಲಿಲ್ಲ.
ಖಡಕ್ ರೊಟ್ಟಿ ಬಡದು ಬಡದು
ಹದಿನೇಳು ವರ್ಷಕ್ಕ ಎರಡು ಖೋಲಿ,
ಕಲಬುರಗ್ಯಾಗ, ಸೇಡಂ ರಸ್ತೆ ಒಳಗಿನ ಓಣ್ಯಾಗ.
ಕೊಂಡ ಮೊದಲ ಮಳಿಗಾಲಕ್ಕೇ ಗ್ವಾಡಿ ಬೆವೆತಿತ್ತು.
ಗೌಂಡಿ ಖಾಜಾ ಹುಸೇನ್ ಬೆರಳಿಲೆ ತಟ್ಟಿ ನಕ್ಕ:
"ಅಕ್ಕಾ, ಬಣ್ಣ ನೋಡಿ ತಗೊಂಡಿ. ನಾದ ಕೇಳಬೇಕಿತ್ತು."
ಈಗ ಯಾರ ಮನಿಗೆ ಹೋದ್ರೂ ಗ್ವಾಡಿ ತಟ್ಟತೀನಿ,
ಕಲ್ಲಂಗಡಿ ತಟ್ಟಿದಂಗ.

ಮೀಟರ್ ಬ್ಯಾರೆ ಬ್ಯಾರೆ ಹಾಕಿಸು.
ಒಂದೇ ಮೀಟರ್ ಇದ್ದಲ್ಲಿ
ಕೂಲರ್ ಇದ್ದವರು, ಇಲ್ಲದವರು
ಜೂನ್ ಬರೂದ್ರಾಗ ಮಾತು ಬಿಟ್ಟಿರ್ತಾರ.
ಬೋರಿನಾಗ ನೀರು ಎಷ್ಟದ ಅಂತ ಮಾರೂವನಿಗೆ ಕೇಳಬ್ಯಾಡ,
ಬಾಜೂ ಮನ್ಯಾಗ ಬಟ್ಟಿ ಒಗಿಯೂ ಹೆಂಗಸಿಗೆ ಕೇಳು.
ಹನ್ನೊಂದು ತಿಂಗಳ ಕರಾರು, ಬಾಂಡ್ ಕಾಗದದ ಮ್ಯಾಲ,
ತಮ್ಮ ಇರಲಿ, ಬೀಗರು ಇರಲಿ.
ಬೀಗರಾದ್ರ ಸಾಕ್ಷಿ ಇಬ್ಬರು.

ಮತ್ತ, ಈ ಮಾತು ನಾ ಯಾರ ಮುಂದೂ ಆಡಿಲ್ಲ.
ಸುವಾರ್ತಾ ಅಂತ ಇದ್ಳು, ಹುಮನಾಬಾದ ಕಡೆಯಾಕಿ,
ದವಾಖಾನ್ಯಾಗ ನರ್ಸ್, ರಾತ್ರಿ ಪಾಳಿ.
ಐದನೇ ತಾರೀಖು ಒಮ್ಮೆಯೂ ತಪ್ಪಿಸಿದಾಕಿ ಅಲ್ಲ.
ಒಂದು ರಾತ್ರಿ, ನಳ ಸೋರತದೇನೋ ಅಂತ ನೆವ ಮಾಡಿ
ನನ್ನ ಕಡಿ ಇದ್ದ ಕೀಲಿಲೆ ಬಾಗಿಲ ತಗದೆ.
ಒಂದು ಗಂಗಾಳ. ಒಂದು ಚಾದರ. ಹಗ್ಗದ ಮ್ಯಾಲ ಬಿಳಿ ಕೋಟು.
ನಳ ಸೋರತಿರಲಿಲ್ಲ.
ಏನೂ ಮುಟ್ಟಲಿಲ್ಲ ನಾ. ಚಾಪಿ ತುದಿ ಕಾಲಿಗೆ ಸರಿದಿತ್ತು, ಅಷ್ಟ.
ಮುಂಜಾನಿ ಬಂದು ಚಾಪಿ ನೋಡ್ಯಾಳ.
ಒಂದು ಮಾತಾಡಲಿಲ್ಲ.
ತಿಂಗಳು ಮುಗಿಸಿ, ಲೆಕ್ಕ ಚುಕ್ತಾ ಮಾಡಿ,
ಖೋಲಿ ಕಸ ಹೊಡದು ಹೋದ್ಳು.
ಆಮ್ಯಾಲ ನಾಕು ತಿಂಗಳು ಖಾಲಿ.
ಮೂರೂವರಿ ಸಾವಿರದಂಗ ಹದಿನಾಲ್ಕು ಸಾವಿರ,
ಅದು ನಾ ಕಟ್ಟಿದ ಫೀಸು.

ನಾನೂ ಬ್ರಹ್ಮಪೂರದಾಗ ಕಿರಾಯಿ ಮನ್ಯಾಗೇ ಬೆಳದಾಕಿ.
ವಕೀಲ ಗುಂಡೇರಾಯರ ಸೈಕಲ್ ಗಂಟಿ
ಓಣಿ ತಿರುವಿನಾಗ ಕೇಳಿದ್ರ
ನಮ್ಮವ್ವ ಒಲಿ ಮುಂದಿನಿಂದ ಎದ್ದು ನಿಲ್ತಿದ್ಳು.
ಬೈದವರಲ್ಲ ಅವರು. ಖರೇ ಹೇಳ್ಬೇಕಂದ್ರ ಒಳ್ಳೆಯವರು.
ಆದ್ರೂ ನಿಲ್ತಿದ್ಳು.

ಅದಕ್ಕ ಹೇಳ್ತೀನಿ, ಕಾಗದ ನಿನ್ನ ಹೆಸರಿಲೆ ಇರ್ತದ,
ಬಾಗಿಲು ಒಳಗಿದ್ದವರದು.
ಕೀಲಿ ಎರಡು ಇದ್ರ ಎರಡೂ ಅವರಿಗೇ ಕೊಡು.
ಪಾವತಿ ಬರಕೊಡು, ಕೇಳದಿದ್ರೂ.

ಇರ್ಲಿ. ಆ ಖೋಲಿ ನಾಳೆ ನೋಡೂಣು.
ಮೂರಕ್ಕ ಬರ್ತೀನಿ. ನೀರಿನ ಬಾಟ್ಲಿ ತಗೋ, ತಲಿಗೆ ಸೆರಗು.
ಬಂಡೆಪ್ಪಗ ಹೇಳು,
ಮುಂಜಾನಿ ನಮಗ ಪುರಸೊತ್ತಿಲ್ಲ ಅಂತ.