ರಾತ್ರಿ ಎರಡು ಹದಿನಾಲ್ಕು

ಸೆಗೆಡ್ ಊರಿನ ರಕ್ತನಿಧಿ, ಮೂರನೇ ಮಹಡಿ.
ನಾವೆಲ್ಲ ಮನೆಗೆ ಹೋದ ಮೇಲೆ
ಅಲ್ಲೊಂದು ಕಂಪ್ಯೂಟರು ತನ್ನಷ್ಟಕ್ಕೆ ಕೆಲಸಕ್ಕೆ ಕೂರುತ್ತದೆ.
ಕಿಟಕಿ ತೆರೆಯುತ್ತದೆ, ಗಾಳಿಯಿಲ್ಲ.
ಬಾಣ ಓಡುತ್ತದೆ, ಬಿಲ್ಲಿಲ್ಲ.
ಹೆಸರಿನ ಚೌಕದಲ್ಲಿ ಒಂದೊಂದೇ ಅಕ್ಷರ ಮೂಡುತ್ತದೆ,
ಬೆರಳಿಲ್ಲ.
ಪ್ರೋಬಾ ಪನ್ನಾ ಎಂಬ ಇಲ್ಲದ ಹೆಂಗಸು
ದಿನಾ ರಾತ್ರಿ ನಾನೂರ ಹನ್ನೆರಡು ಸಲ ರಕ್ತ ಕೊಡುತ್ತಾಳೆ;
ಒಮ್ಮೆಯೂ ತಲೆಸುತ್ತಿ ಬಿದ್ದವಳಲ್ಲ.

ಬೆಳಿಗ್ಗೆ ಕೋಟು ಕಳಚುವ ಮೊದಲೇ ನೋಡುತ್ತೇನೆ:
ಹಸಿರೋ, ಕೆಂಪೋ.
ರಕ್ತನಿಧಿಯಲ್ಲಿ ಕೆಂಪಿಗೆ ಹೆದರುವವಳು ನಾನೊಬ್ಬಳೇ.
ಮೂರು ವಾರದಿಂದ ಒಂದೇ ಒಂದು ಕೆಂಪು,
ಅದೂ ಮಂಗಳವಾರ, ಶುಕ್ರವಾರ ಮಾತ್ರ,
ಎರಡು ಗಂಟೆ ಹದಿನಾಲ್ಕು ನಿಮಿಷದ ಆಸುಪಾಸು:
'ಮುದ್ರಿಸು' ಗುಂಡಿ ಒತ್ತಲಾಗಲಿಲ್ಲ.
ಹಗಲು ನಾನೇ ಒತ್ತಿದೆ. ನೂರು ಸಲ. ಒತ್ತುತ್ತದೆ.

ಅಂಬ್ರುಷ್ ಹೇಳಿದ: ನೂರು ಮಿಲಿಸೆಕೆಂಡು ಕಾಯಿಸು.
ಕಾಯಿಸಿದೆ. ಐನೂರು ಅಂದ. ಕಾಯಿಸಿದೆ.
ಎರಡು ಸೆಕೆಂಡು ಸುಮ್ಮನೆ ಕಾಯುವ ಪರೀಕ್ಷೆ
ಪರೀಕ್ಷೆಯಲ್ಲ, ಹರಕೆ.

ಹದಿನೆಂಟು ವರ್ಷದ ಹಿಂದೆ ಯಾರೋ ದೆಜೊ ಬರೆದ ಕೋಡು ಅದು.
ಗುಂಡಿಯ ಹೊಟ್ಟೆಯೊಳಗೇ ಎಲ್ಲ:
ಯಾವ ಗುಂಪಿಗೆ ಯಾವ ಗುಂಪು, ಚೀಲದ ಆಯುಸ್ಸೆಷ್ಟು,
ಡೇಟಾಬೇಸಿನ ಪಾಸ್‌ವರ್ಡು ಕೂಡ.
ಒಂದು ಮಾತು ಕೇಳಲು ಇಡೀ ಕಿಟಕಿ ತೆರೆಯಬೇಕು,
ಉಪ್ಪು ನೋಡಲು ಮದುವೆಯೂಟ ಹಾಕಿಸಿದ ಹಾಗೆ.

ಬಿಡಿಸುತ್ತ ಕೂತೆ. ಲೆಕ್ಕವನ್ನು ಚೂರು ಚೂರೇ ಈಚೆಗೆಳೆದೆ.
ಕಿಟಕಿಗೆ ಹೇಳಿದೆ: ನೀನೇನೂ ತಿಳಿಯಬೇಡ,
ಕೊಟ್ಟದ್ದು ತೋರಿಸು, ಒತ್ತಿದ್ದು ಹೇಳು, ಸಾಕು.
ಪ್ರಿಂಟರಿನ ಜಾಗಕ್ಕೊಂದು ಸುಳ್ಳು ಪ್ರಿಂಟರು,
ಚೀಟಿ ಮುದ್ರಿಸದೆ ನೆನಪಿಟ್ಟುಕೊಳ್ಳುವಂಥದು.
ಕನ್ನಡಿಯೊಳಗಿನ ಗಂಟು; ಆದರೂ ಎಣಿಸಿದರೆ ಸರಿಯಾಗಿದೆ.
ಈಗ ಮುನ್ನೂರು ಪರೀಕ್ಷೆಗಳು ಕಿಟಕಿಯೇ ಇಲ್ಲದೆ
ನಾನೊಮ್ಮೆ ಸೀನುವಷ್ಟರಲ್ಲಿ ಮುಗಿಯುತ್ತವೆ.

ಆ ಒಂದು ಕೆಂಪು ಮಾತ್ರ ಹೋಗಲಿಲ್ಲ.

ಶುಕ್ರವಾರ ಉಳಿದೆ. ದೀಪ ಆರಿಸಿ, ಬೆನ್ನಿಗೆ ಹೀಟರು.
ಕೊನೆಯ ಟ್ರಾಮು ಹೋಗಿ ಎಷ್ಟೋ ಹೊತ್ತಾಗಿತ್ತು,
ತಿಸಾ ನದಿಯ ಮೇಲಿನ ಮಂಜು ಗಾಜಿನವರೆಗೂ ಬಂದಿತ್ತು.
ಎರಡು ಹನ್ನೆರಡಕ್ಕೆ ಬಾಗಿಲು ಸರಿಯಿತು:
ಮೊದಲು ಬಕೆಟ್ಟು, ಆಮೇಲೆ ಎಟೆಲ್ಕಾ,
ವಾರಕ್ಕೆರಡು ರಾತ್ರಿ ನಮ್ಮ ಮಹಡಿ ಒರೆಸುವವಳು.
ಮೂಲೆಯ ನನ್ನನ್ನು ಕಾಣದೆ ಪರದೆಗೆ ಹೇಳಿದಳು:
'ಇವತ್ತೂ ಕೊಡ್ತಿದ್ದೀಯಾ ಪನ್ನಾ? ಏನಾದರೂ ತಿನ್ನೇ, ಮಗಳೆ.'
ಮೇಜು ಒರೆಸಿದಳು. ಮೌಸನ್ನೆತ್ತಿ ಅದರಡಿ ಒರೆಸಿ
ಇದ್ದಲ್ಲೇ ಇಟ್ಟಳು.
ಬಾಣ ಗುಂಡಿಯಿಂದ ಜಾರಿ ಬಯಲನ್ನೊತ್ತಿತು.
ಕೆಂಪು.

ನಾನು ಫಕ್ಕನೆ ನಕ್ಕದ್ದಕ್ಕೆ ಅವಳ ಕೈಯ ಬಟ್ಟೆ ಬಿತ್ತು.
ಕತೆಯೆಲ್ಲ ಹೇಳಿದೆ. ಗುಂಡಿ ತೋರಿಸಿದೆ.
'ಎಲ್ಲಿ?' ಅಂದಳು.
'ಇಲ್ಲೇ.'
'ಬೂದಿಯ ಮೇಲೆ ಬೂದಿ ಬಳಿದು ಗುಂಡಿ ಅಂತೀರಲ್ಲ.
ನಾನೇನೋ ಆ ಹುಡುಗಿಗೂ ನನ್ನ ಹಾಗೆ ಕಣ್ಣಿಗೆ ಪೊರೆ ಬಂದಿದೆ,
ಪಾಪ, ಅದಕ್ಕೇ ತಡವರಿಸುತ್ತಾಳೆ ಅಂದುಕೊಂಡಿದ್ದೆ.'

ನನ್ನ ಪರೀಕ್ಷೆ ಗುಂಡಿಯನ್ನು ಹೆಸರು ಹಿಡಿದು ಕರೆಯುತ್ತದೆ.
ಕರೆದರೆ ಓಗೊಡುವುದನ್ನು ಯಾರು ಹುಡುಕಿಯಾರು?
ಹಗಲಿನ ನರ್ಸ್ ಯೊಲಾನ್
ಪ್ರತಿ ಚೀಟಿಗೂ ಕತ್ತು ಚಾಚಿ ಪರದೆಗೆ ಮೂಗು ತಾಗಿಸುವುದು ನೆನಪಾಯಿತು.
ವಯಸ್ಸು ಅಂದುಕೊಂಡಿದ್ದೆ.

ಮೌಸಿನ ತಂತಿ ಕಿತ್ತು ಡ್ರಾಯರಿಗೆ ಹಾಕಿದೆ.
ಶನಿವಾರ ಎಲ್ಲ ಹಸಿರು. ಅಂಬ್ರುಷ್ ಕೇಕು ತಂದ.
ಗುಂಡಿಗೆ ಗಾಢ ನೀಲಿ ಹಚ್ಚಿದ್ದೇನೆ,
ಅದಕ್ಕೆ ಪರೀಕ್ಷೆ ಬರೆಯುವ ಬಗೆ ಇನ್ನೂ ಹೊಳೆದಿಲ್ಲ.
ಮಂಗಳವಾರ ಎಚ್ಚರವಿದ್ದು
ಎಟೆಲ್ಕಾಳನ್ನು ಕೇಳಬೇಕು.