ನಾದಬಾರದ ಹಿಟ್ಟು

ಸ್ಕೋನ್ ಅಂದ್ಲು ಮಹಾನಂದಾ.
ಕೋಣ ಅಂದ್ರ ನಮಗ ಎಮ್ಮಿ ಗಂಡ,
ಓಣಿಯ ಮರಾಠಿಯೊಳಗ 'ಯಾರು' ಅನ್ನೂ ಪ್ರಶ್ನೆ.
ಯಾರನ್ನ ಬೇಯಸ್ತಾಳೋ ನಮ್ಮ ನೆಗೆಣ್ಣಿ,
ಅಂತ ನಕ್ಕೆ.
ಗಿರಣಿಯ ಪಟ್ಟಾ ತಿರಗತಿತ್ತು,
ನಗಿ ಯಾರಿಗೂ ಕೇಳಲಿಲ್ಲ.

ಅಕ್ಕಲಕೋಟದ ಚೈತ್ರ. ಮುಂಜಾನೆ ಎಂಟಕ್ಕೇ
ಪತ್ರಾ ಕಾದು ಚಟ್ ಅಂತದ.
ಜವೆಗೋಧಿ ಬೀಸಿದ್ದೆ, ತೌಡು ತಗದಿರಲಿಲ್ಲ;
ಜೋಡಿಗೆ ಒಂದು ಪಾಲು ಮಾಲದಂಡಿ ಜ್ವಾಳ.
ಗಿರಣಿ ಬಾಯಿಂದ ಬೀಳೂ ಹಿಟ್ಟು
ಹಸುಗೂಸಿನ ಜ್ವರದಷ್ಟು ಬಿಸಿ.
"ಇದು ನಡಿಯೂದಿಲ್ಲಕ್ಕಾ, ತಣ್ಣಗಾಗಬೇಕು,"
ಅಂತ ಪರಾತದಾಗ ಹರವಿ, ಅರಿವಿ ಮುಚ್ಚಿ
ರಾತ್ರಿಯೆಲ್ಲಾ ಮಾಳಿಗಿ ಮ್ಯಾಲ ಮಲಗಿಸಿದ್ಲು.
ಸೋಲಾಪುರದ ಬೇಕರಿಯೊಳಗ
ಆರು ತಿಂಗಳು ತಾಟು ತೊಳದು ಕಲತದ್ದಂತ.

ನಲವತ್ತು ವರ್ಷ ಬಿಸಿಯನ್ನ ನಂಬಿದಾಕಿ ನಾನು.
ಎಸರು ಕುದ್ದರನ ಜ್ವಾಳಕ್ಕ ಜಿಗಿ.
ಮಣಿಕಟ್ಟಿನ ಎಲುಬು ಹಿಟ್ಟಿಗೆ ಗುರ್ತು ಸಿಗೂತನಕ
ನಾದಿ, ತಿಕ್ಕಿ, ಮತ್ತ ನಾದಿ
ಬಡದ್ರ, ಆ ಸಪ್ಪಳಕ್ಕ
ಮೂರು ಮನಿ ಆಚಿನವರು
ಗಂಟಿ ಎಷ್ಟಾತು ಅಂತ ತಿಳೀತಿದ್ರು.

ಮಹಾನಂದಾನ ಕೈ ಹುಟ್ಟಾ ತಣ್ಣಗ.
ಬ್ಯಾಸಗಿಯೊಳಗೂ ಕೊಡದ ತಳದಂಗ.
ಆಕಿ ಬಡದ ರೊಟ್ಟಿ ಸುತ್ತಲೂ ಸೀಳತಿತ್ತು.
"ಇವತ್ತ ಯಾ ರಾಜ್ಯ ಬಡದಿಯವ್ವಾ,
ಗಡಿ ಎಲ್ಲೆಲ್ಲೋ ಹೋಗೇದಲ್ಲ!"
ನಕಾಶೆ ಅಂತ ಹೆಸರಿಟ್ಟಾಕಿ ನಾನ.
ಬೀಗರ ಮುಂದ ಅಂದೀನಿ. ಗಿರಾಕಿಗಳ ಮುಂದ ಅಂದೀನಿ.
ಆಕಿ ಸೀಳಿದ್ದನ್ನ ತನ್ನ ತಾಟಿಗೆ ಹಾಕ್ಕೋತಿದ್ಲು.

ನಸಿಕಿನಾಗ ನಾಕಕ್ಕ ಎದ್ಲು.
ಫ್ರಿಜ್ಜಿನಾಗ ಕಲ್ಲಾದ ಬೆಣ್ಣಿ
ಕಿಸಣಿಗೆ ತುರದು, ಹಿಟ್ಟಿನ ಮ್ಯಾಲ ಉದರಿಸಿ,
ಬಟ್ಟಿನ ತುದೀಲೆ
ಎತ್ತಿ ಬಿಟ್ಟು, ಎತ್ತಿ ಬಿಟ್ಟು,
ಹತ್ತಿಯೊಳಗಿನ ಬೀಜ ಹುಡುಕಿದಂಗ.
ನಾ ಕೈ ಹಾಕಾಕ ಹ್ವಾದೆ.
"ಬ್ಯಾಡಕ್ಕಾ. ನಿಮ್ಮ ಕೈಯಾಗ ಬೆಣ್ಣಿ ಅಳತದ."
ಜೋರಾಗೇನಲ್ಲ. ತಲಿ ಎತ್ತಲಿಲ್ಲ ಸೈತ.
ಹದಿನೇಳು ವರ್ಷದಾಗ
ಆಕಿ ನನಗಂದ ಮೊದಲನೇ ಬ್ಯಾಡ.

ಕೈ ಸೆರಗಿನಾಗ ಸುತಗೊಂಡು ನಿಂತೆ.

ಹುಳಿ ಮಜ್ಜಿಗಿ, ಚಿಟಿಕಿ ಸೋಡಾ.
ಅರ್ಧಕ್ಕ ಮೆಂತೆ ಸೊಪ್ಪು, ಅಜವಾನ, ಜಜ್ಜಿದ ಹಸಿಮೆಣಸಿನಕಾಯಿ;
ಉಳದದ್ದಕ್ಕ ಬೆಲ್ಲ, ಉತ್ತತ್ತಿ, ಎಳ್ಳು.
ನಾದಲಿಲ್ಲ.
ಅಲ್ಲಲ್ಲೆ ಒಣಾ ಹಿಟ್ಟು ಹಂಗ ಕಾಣತಿತ್ತು,
ನನ್ನ ಅಂಗೈ ಕಡೀತಿತ್ತು.
ಒತ್ತಿದಂಗೂ ಮಾಡಿ, ಒತ್ತದಂಗೂ ಮಾಡಿ
ಬಿಲ್ಲಿ ತಟ್ಟಿ ಚೂರಿ ಎಳದ್ಲು: ಕೋನ, ಕೋನ, ಕೋನ.
ಹೆಸರಿನ ಗುಟ್ಟು ತಿಳೀತು ಅಂದೆ.
ಹಂಗೇನಿಲ್ಲಂತ, ಗುಂಡಗೂ ಮಾಡ್ತಾರಂತ.

ಡಬರಿಯಾಗ ಹಳ್ಳುಪ್ಪು ಹಾಸಿ, ಅದರ ಮ್ಯಾಲ ತಾಟು.
ಮುಚ್ಚಳದ ಮ್ಯಾಲ ಕೆಂಡ ಹೇರೂ ಕೆಲಸ
ನನಗ ಕೊಟ್ಲು. ಬೆಂಕಿ ನನ್ನದು.

ಸಿಹಿಯವು ಎದ್ದು ನಿಂತುವು,
ನಡುವ ಬಾಯಿ ಬಿಟ್ಟು, ಪದರು ಪದರು.
ಆ ಬಿರುಕಿನಾಗ ಬೆಲ್ಲ ಹೊಳೀತಿತ್ತು.
ಯಾರೂ ಅದನ್ನ ನಕಾಶೆ ಅನ್ನಲಿಲ್ಲ.
ಖಾರದವು ತಳ ಹತ್ತಿದುವು.
ಅದು ನನ್ನ ಆಸ್ತಿ, ಕೆಂಡ ಜಾಸ್ತಿ ಆಗಿತ್ತು.
ಮಹಾನಂದಾ ಸುಟ್ಟ ಭಾಗ ಕೆರದು
ಶೇಂಗಾ ಚಟ್ನಿ ಹಚ್ಚಿ
ಒಂದು ಮಾತೂ ಆಡದ ತಿಂದ್ಲು.

ಬೀಸಾಕ ಬಂದ ಜುಲೇಖಾಬಿ ವಾಸನಿಗೆ ನಿಂತು
"ಏನದು?" ಅಂದ್ರು. "ನಮ್ಮ ಮಹಾನಂದಾ ಮಾಡ್ಯಾಳ,"
ಅಂತ ದೊಡ್ಡದೊಂದು ಕೈಗಿಟ್ಟೆ.
ಅಷ್ಟ ಬಂತು ಬಾಯಿಗೆ.

ಮಧ್ಯಾಹ್ನ ಎಸರಿಟ್ಟೆ.
ಇವತ್ತ ನಾ ಬಡೀತೀನಿ ಅಂತ ಆಕಿನ ಕುಂತ್ಲು.
ಮೊದಲನೇ ರೊಟ್ಟಿ, ಯಾವತ್ತಿನಂಗ,
ತೆಂಕಣ ದಿಕ್ಕಿಗೆ ಸೀಳಿತು.
ನಾಲಿಗಿ ತುದಿಗೆ ಬಂದ ಶಬ್ದ.
ತಳ ಹತ್ತಿದ ಕೋನ ಒಂದು ತಾಟಿನಾಗ ಉಳದಿತ್ತು.
ಬಾಯಿ ತುಂಬ ಇಟಗೊಂಡೆ.